ಸಿಹಿನೀರ ಬಾವಿಯ ಶಿಬಿರ

ಲಿಂಗಸುಗೂರಿನಲ್ಲಿ ಬಸ್ಸು ಹತ್ತಿದರೆ ಮಸ್ಕಿ, ಮಸ್ಕಿ ದಾಟಿದರೆ ಸಿಂಧನೂರು. ಒಂದೇ ರಸ್ತೆಯ ಮೇಲಿನ ಮೂರು ಊರು, ಮೂರಕ್ಕೂ ಮೂರು ಗುಣ. ಲಿಂಗಸುಗೂರು ಕಡೆ ಮಳೆ ನಂಬಿದ ಬೇಸಾಯ. ಮಸ್ಕಿಗೆ ಬರುವ ಹೊತ್ತಿಗೆ ಬಂಡೆಗುಡ್ಡ. ಸಿಂಧನೂರು ಹತ್ತಿರವಾದ ಮೇಲೆ ಕಾಲುವೆ, ಗದ್ದೆ, ರೈಸ್ ಮಿಲ್ಲುಗಳ ಸಾಲು, ಗಾಳಿಯಲ್ಲಿ ತೌಡಿನ ವಾಸನೆ. ನಾನೀಗ ಹೇಳುವುದು ಈ ರಸ್ತೆಯಿಂದ ಒಂದಿಷ್ಟು ಒಳಗಿರುವ ಹಳ್ಳಿಯೊಂದರಲ್ಲಿ, ನಾವು ಕಾಲೇಜು ಓದುವಾಗ ನಡೆದ ಎನ್‌ಎಸ್‌ಎಸ್ ಶಿಬಿರದ ಕಥೆ. ಆ ಶಿಬಿರಕ್ಕೆ ಅಮೆರಿಕದಿಂದ ಒಬ್ಬ ಹುಡುಗಿ ಬಂದಿದ್ದಳು. ಹಳ್ಳಿಯ ಹೆಸರು ಹೇಳುವುದಿಲ್ಲ. ಅಲ್ಲಿಯ ನೀರಿನ ಮಾತು ಬರುತ್ತದೆ. ನೀರು ಕೆಟ್ಟದ್ದು ಅಂತ ಹೆಸರಾದ ಊರಿಗೆ ಹೆಣ್ಣು ಕೊಡಲು ಜನ ಹಿಂದೆ ಮುಂದೆ ನೋಡುತ್ತಾರೆ.

ಯಾವ ವರ್ಷ ಅಂತ ಕೇಳಿದರೆ ಸರಿಯಾಗಿ ಹೇಳಲಾರೆ. ಎಳ್ಳಮಾಸಿ ಹತ್ತಿರ ಬಂದಿತ್ತು, ಬಿಳಿಜೋಳ ಎದೆಯೆತ್ತರ ನಿಂತಿತ್ತು. ಆ ಊರಲ್ಲಿ ಮೊಬೈಲು ಅಂತ ಇದ್ದದ್ದು ಗೌಡರ ಮಗನ ಕೈಯಲ್ಲಿ ಮಾತ್ರ, ಅದೂ ಮಾಳಿಗೆ ಹತ್ತಿದರೆ ಮಾತಾಡುತ್ತಿತ್ತು. ಮಸ್ಕಿ ಆಗಿನ್ನೂ ನಮ್ಮ ಲಿಂಗಸುಗೂರು ತಾಲ್ಲೂಕಿನೊಳಗೇ ಇತ್ತು.

ಎನ್‌ಎಸ್‌ಎಸ್ ಶಿಬಿರ ಅಂದರೆ ಏನು ಅಂತ ಈಗಿನ ಕೆಲವು ಹುಡುಗರಿಗೆ ಹೇಳಬೇಕಾಗುತ್ತದೆ. ಗಾಂಧಿ ಹುಟ್ಟಿ ನೂರು ವರ್ಷವಾದಾಗ, 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ಅದು. ಓದುವ ಹುಡುಗರು ಏಳು ದಿನ ಹಳ್ಳಿಯ ಶಾಲೆಯಲ್ಲಿ ಚಾಪೆ ಹಾಸಿ ಮಲಗಬೇಕು, ಬೆಳಿಗ್ಗೆ ಶ್ರಮದಾನ ಮಾಡಬೇಕು, ಸಂಜೆ ಊರವರನ್ನು ಕೂಡಿಸಿ ಮಾತು, ಹಾಡು. ಪರದೇಶದ ಕಾಲೇಜುಗಳಲ್ಲೂ ಇಂಥದ್ದು ಇದೆಯಂತೆ. ಸೇವೆ ಮಾಡುತ್ತ ಕಲಿಯುವುದು, ಕಲಿತದ್ದಕ್ಕೆ ಅಂಕ ಕೊಡುವುದು. ಮೈಸೂರು ಸೀಮೆಗೆ ಇಂಥ ಹುಡುಗರು ಬಹಳ ಬರುತ್ತಾರೆ. ವೈದ್ಯ ವಿದ್ಯಾರ್ಥಿಗಳೇ ಕೂಡಿ 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಆಸ್ಪತ್ರೆ, ಶಾಲೆ ನಡೆಸುತ್ತದಲ್ಲ, ಅಲ್ಲಿಗೆ ಕಾರ್ನೆಲ್ ವಿಶ್ವವಿದ್ಯಾಲಯದಂಥ ಕಡೆಯಿಂದಲೂ ಬಂದು ಕಲಿತು ಹೋಗುತ್ತಾರೆ. ನಮ್ಮ ಈ ಬಿಸಿಲ ಸೀಮೆಗೆ ಬರುವವರು ಕಡಿಮೆ. ಈ ಹುಡುಗಿಯೂ ಮೈಸೂರಿಗೇ ಬಂದವಳು. ನಮ್ಮ ಮಾಸ್ತರರ ಧಾರವಾಡದ ಗೆಳೆಯರೊಬ್ಬರು ಅಲ್ಲಿ ಅವಳನ್ನು ಕಂಡು, ನಿನಗೆ ನೀರಿನ ವಿಷಯ ಬೇಕಾದರೆ ರಾಯಚೂರು ಜಿಲ್ಲೆಗೆ ಹೋಗು ಅಂದರಂತೆ. ರಾತ್ರಿ ಬಸ್ಸಿಗೆ ಬಂದು ಬೆಳಗಿನ ಚಳಿಯಲ್ಲಿ ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದಳು. ಬೆನ್ನಿಗೊಂದು ಚೀಲ, ಎದೆಗವಚಿಕೊಂಡ ಒಂದು ಪೆಟ್ಟಿಗೆ. ಪೆಟ್ಟಿಗೆಯನ್ನು ಹಮಾಲನ ಕೈಗೂ ಕೊಡಲಿಲ್ಲ, ನಮ್ಮ ಕೈಗೂ ಕೊಡಲಿಲ್ಲ.

ಮಾಸ್ತರರ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಕನ್ನಡ ಕಲಿಸುತ್ತಿದ್ದರು, ಎನ್‌ಎಸ್‌ಎಸ್ ಅಧಿಕಾರಿಯೂ ಅವರೇ. ಮಟಮಟ ಮಧ್ಯಾಹ್ನದಲ್ಲೂ ಕಿವಿ ಮುಚ್ಚುವ ಮಫ್ಲರ್ ತೆಗೆಯುತ್ತಿರಲಿಲ್ಲ. ಅಂಗಿ ಜೇಬಿನಲ್ಲಿ ಖರ್ಚಿನ ವಹಿ. ನಿಂಬೆಹಣ್ಣು ಎರಡು, ಕಡ್ಡಿಪೆಟ್ಟಿಗೆ ಒಂದು, ಎಲ್ಲವೂ ಅದರಲ್ಲಿ. ಸರ್ಕಾರದ ದುಡ್ಡಿನ ಬಗ್ಗೆ ಅಷ್ಟು ಭಯಭಕ್ತಿ ಇದ್ದವರನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

ಹುಡುಗಿಗೆ ಅವರು ಮೊದಲು ತೋರಿಸಿದ್ದು ನಮ್ಮ ಊರಿಗೆ ಹಿಂದೆ ಬಂದ ಪರದೇಶದವರ ಗುರುತುಗಳನ್ನು. ಲಿಂಗಸುಗೂರನ್ನು ಹಳಬರು ಛಾವಣಿ ಅಂತಲೇ ಕರೆಯುವುದು, ಬ್ರಿಟಿಷರ ದಂಡು ಇದ್ದ ಊರು. ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಇಲ್ಲಿಯೂ ಅಧಿಕಾರ ಮಾಡಿದವನು. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳಕ್ಕೆ 1950ರ ದಶಕದಲ್ಲಿ ರೇಮಂಡ್ ಆಲ್ಚಿನ್ ಬಂದ. ಆಗಿನ್ನೂ ಓದುವ ಹುಡುಗ. ರಾಯಚೂರು ಸೀಮೆಯ ಪ್ರಾಚೀನ ಬದುಕಿನ ಮೇಲೆಯೇ ಲಂಡನ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆದ, 1960ರಲ್ಲಿ ಪಿಕ್ಲಿಹಾಳದ ಉತ್ಖನನದ ವರದಿ ತಂದ. ನಮ್ಮ ಬೂದಿದಿಬ್ಬಗಳು ದನದ ಸಗಣಿ ಸುಟ್ಟು ಆದವು ಎಂದು ಸಾಧಿಸಿ ತೋರಿಸಿದವನೂ ಅವನೇ. ಇವೆಲ್ಲ ಮಾಸ್ತರರಿಗೆ ಬಾಯಿಪಾಠ.

ಮಸ್ಕಿಯಲ್ಲಿ ಬಸ್ಸಿಳಿದವರು ನೆಟ್ಟಗೆ ಹಳ್ಳಿಗೆ ಹೋಗಲಿಲ್ಲ. ಮಂಡಾಳ ಒಗ್ಗರಣಿ, ಮಿರ್ಚಿ ತಿಂದು, ಚಾ ಕುಡಿದು ಗುಡ್ಡದ ಕಡೆ ಹೊರಟೆವು. ಮಿರ್ಚಿಯನ್ನು ಹುಡುಗಿ ಒಂದೇ ಸಲ ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡರೂ ಬಿಡದೆ ಪೂರ್ತಿ ತಿಂದಳು. ಅಂಗಡಿಯವನು ಖುಷಿಯಾಗಿ ಮತ್ತೊಂದು ಹಾಕಿದ, ಅದರ ದುಡ್ಡು ತಗೊಳ್ಳಲಿಲ್ಲ. ಬಂಡೆಯ ಸಂದಿಯಲ್ಲಿ ಅಶೋಕನ ಶಾಸನ ಇದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅದನ್ನು ಕಂಡು ಹೊರಗಿನ ವಿದ್ವಾಂಸರಿಗೆ ತಿಳಿಸಿದ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಮಾತ್ರ ಇತ್ತು. ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯ ಬಂಡೆಯಲ್ಲಿ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಅಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ ಅಂತ ಮಾಸ್ತರರು ನಿಧಾನವಾಗಿ, ಒಂದೊಂದೇ ಇಂಗ್ಲಿಷ್ ಶಬ್ದ ಆರಿಸಿ ಹೇಳಿದರು. ಹುಡುಗಿ ಬರೆದುಕೊಂಡಳು.

ಹಳ್ಳಿಯಲ್ಲಿ ನಾವೆಲ್ಲ ಶಾಲೆಯಲ್ಲಿ, ಅವಳು ಒಬ್ಬ ಅಜ್ಜಿಯ ಮನೆಯಲ್ಲಿ. ಆ ಅಜ್ಜಿಯನ್ನು ಊರೆಲ್ಲ ದೊಡ್ಡವ್ವ ಅನ್ನುತ್ತಿತ್ತು. ಒಂಟಿ ಜೀವ. ಅಂಗಳಕ್ಕೆ ಕಾಲಿಟ್ಟವರು ಉಣ್ಣದೆ ಹೋಗಬಾರದು ಅನ್ನುವುದು ಅವರ ಮನೆಯ ಕಾನೂನು. ಹುಡುಗಿಗೆ ಕನ್ನಡ ಬರುವುದಿಲ್ಲ ಅಂತ ನಾವು ಎಷ್ಟು ಹೇಳಿದರೂ, ಜೋರಾಗಿ ಹೇಳಿದರೆ ತಿಳಿಯುತ್ತದೆ ಅಂತ ಅವರ ನಂಬಿಕೆ. "ಉಣ್ಣು ಯವ್ವಾ, ಇನ್ನೊಂದು ರೊಟ್ಟಿ ಹಾಕ್ತೀನಿ" ಅನ್ನುವುದು ಮೂರು ಓಣಿ ಆಚೆ ಕೇಳುತ್ತಿತ್ತು. ವಿಚಿತ್ರ ಅಂದರೆ ಎರಡು ದಿನದಲ್ಲಿ ಅವಳಿಗೆ ತಿಳಿಯತೊಡಗಿತು.

ರೊಟ್ಟಿ ಬಡಿಯುವುದನ್ನು ಅವಳು ಕಲಿಯಲೇಬೇಕೆಂದು ಕುಳಿತದ್ದು ನನಗೆ ಚೆನ್ನಾಗಿ ನೆನಪಿದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಕುದಿಯುವ ಎಸರು ಹೊಯ್ದು ನಾದಿದರೆ ಮಾತ್ರ ಕೈಗೆ ಬರುತ್ತದೆ. ದೊಡ್ಡವ್ವ ಬಲಗೈಯಲ್ಲಿ ಬಡಿಯುತ್ತ ಎಡಗೈ ಅಂಚಿನಿಂದ ರೊಟ್ಟಿಯನ್ನು ತಿರುಗಿಸುತ್ತ ಹೋದರೆ ಅದು ತಾನಾಗಿ ಅಗಲವಾಗುತ್ತಿತ್ತು. ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ಆ ನೀರು ಆರುವ ಕ್ಷಣಕ್ಕೆ ಸರಿಯಾಗಿ ತಿರುವಿ ಹಾಕಿದರೆ ಪೂರಿ ಉಬ್ಬಿದಂತೆ ಉಬ್ಬುತ್ತಿತ್ತು. ಹುಡುಗಿಯ ರೊಟ್ಟಿಯ ಅಂಚು ಸೀಳಿ ಸೀಳಿ ಬಂತು. ಆ ಸೀಳಿದ ರೊಟ್ಟಿಯನ್ನೇ ದೊಡ್ಡವ್ವ ತಮ್ಮ ತಾಟಿಗೆ ಹಾಕಿಕೊಂಡು, ಪುಂಡಿಪಲ್ಯ, ಹಸಿಮೆಣಸಿನಕಾಯಿ ಹಿಂಡಿ ಹಚ್ಚಿ ಉಂಡರು.

ಇನ್ನು ಆ ಪೆಟ್ಟಿಗೆ. ಅದರಲ್ಲಿ ಇದ್ದದ್ದು ಸಣ್ಣ ಸಣ್ಣ ಗಾಜಿನ ಕೊಳವೆಗಳು, ಒಂದು ಔಷಧದ ಸೀಸೆ, ಬಣ್ಣ ಹೋಲಿಸಿ ನೋಡುವ ಒಂದು ಪಟ್ಟಿ. ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ನೋಡುವ ಸಾಮಾನು. ಅವಳು ಅಯೋವಾ ಕಡೆಯವಳು ಅಂತ ನೆನಪು, ಮೆಕ್ಕೆಜೋಳದ ಸೀಮೆ. ಅಲ್ಲಿ ಹೊಲಕ್ಕೆ ಹಾಕಿದ ಗೊಬ್ಬರದ ನೈಟ್ರೇಟ್ ನೆಲಕ್ಕಿಳಿದು ಮನೆಯ ಬಾವಿ ಕೆಡುತ್ತದೆ. ಅವಳ ಮನೆಯಲ್ಲಿ ವರ್ಷಕ್ಕೊಮ್ಮೆ ನೀರನ್ನು ಪರೀಕ್ಷೆಗೆ ಕಳಿಸುತ್ತಿದ್ದರಂತೆ; ಸಣ್ಣವಳಿದ್ದಾಗ ಸೀಸೆ ತುಂಬುವ ಕೆಲಸ ಅವಳದು. ನೀರಿನ ಹುಚ್ಚು ಅಲ್ಲಿಂದ ಬಂದದ್ದು.

ನಾವು ಬೆಳಿಗ್ಗೆ ಊರಿನಿಂದ ಹೊಲಕ್ಕೆ ಹೋಗುವ ರಸ್ತೆಗೆ ಮರಂ ಹಾಕುತ್ತಿದ್ದೆವು, ಅದು ಶಿಬಿರಕ್ಕೆ ಗೊತ್ತಾದ ಕೆಲಸ. ಅವಳ ಜೊತೆ ಭಾಷೆಗೆಂದು ಮಾಸ್ತರರು ನನ್ನನ್ನು ಬಿಟ್ಟರು. ಶಾಲೆಯ ಮುಂದಿನ ಬೋರಿಂಗಿನಿಂದ ಶುರು. ಕೊಳವೆಯಲ್ಲಿ ನೀರು ಹಿಡಿದು ಔಷಧದ ಹನಿ ಬಿಟ್ಟಳು. ಮೊದಲು ಗುಲಾಬಿ. ಕಣ್ಣೆದುರೇ ಅದು ಕಿತ್ತಳೆಗೆ ತಿರುಗಿ, ನಿಂತು, ಹಳದಿಯಾಯಿತು. ಬಣ್ಣ ಹಳದಿಯಾದಷ್ಟೂ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಇದು ಪಟ್ಟಿಯಲ್ಲಿ ಅದನ್ನು ದಾಟಿ ಎಷ್ಟೋ ಮುಂದಿತ್ತು. ಸುತ್ತ ನಿಂತ ಹುಡುಗರು ಬಣ್ಣ ಬದಲಾಗುವುದು ಕಂಡು ಚಪ್ಪಾಳೆ ತಟ್ಟಿ ನಕ್ಕರು, ನಗುವಾಗ ಒಂದಿಬ್ಬರು ದೊಡ್ಡ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಅವರ ಹಲ್ಲಿನ ಮೇಲೆ ಕಂದು ಗೆರೆಗಳು. ನಾನು ಅದೇ ಸೀಮೆಯವನು, ಅಂಥ ಹಲ್ಲು ಹುಟ್ಟಿದಾಗಿನಿಂದ ನೋಡಿದ್ದೆ. ಹುಡುಗಿ ಬಾಯಿಗೆ ಅಡ್ಡ ಬಂದ ಆ ಕೈಗಳನ್ನೇ ನೋಡುತ್ತ ನಿಂತಳು.

ನಮ್ಮ ನೆಲದಡಿಯದು ಬೆಣಚುಕಲ್ಲಿನ ಜಾತಿಯ ಹಳೆಯ ಬಂಡೆ. ಬಂಡೆ ಕರಗಿ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಬೋರು ಆಳ ಹೋದಷ್ಟೂ, ನೀರು ಕಲ್ಲಿನೊಳಗೆ ನಿಂತಷ್ಟೂ ಅದು ಹೆಚ್ಚು. ಮೊದಲು ಹಲ್ಲು, ಆಮೇಲೆ ಕೀಲು, ಕೊನೆಗೆ ಬೆನ್ನು. ಗುಡಿಯ ಕಟ್ಟೆಯ ಮೇಲೆ ಕೂರುತ್ತಿದ್ದ ಒಬ್ಬ ಹಿರಿಯರಿಗೆ ಕತ್ತು ತಿರುಗಿಸಲು ಬರುತ್ತಿರಲಿಲ್ಲ, ಕರೆದವರ ಕಡೆ ಇಡೀ ಮೈ ತಿರುಗಿಸಿ ನೋಡುತ್ತಿದ್ದರು.

ಕಾಲುವೆ ಇಲ್ಲವೇ ಅಂತ ಅವಳು ಕೇಳಿದಳು. ಇದೆ. 1953ರ ಹೊತ್ತಿಗೆ ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಎಡದಂಡೆ ಕಾಲುವೆ ತೆಗೆದರು, ಸಿಂಧನೂರು ಭತ್ತದ ಕಣಜವಾಯಿತು. ಸರ್ಕಾರ ನೆನೆದದ್ದು ಹೆಚ್ಚು ನೆಲಕ್ಕೆ ಸ್ವಲ್ಪ ಸ್ವಲ್ಪ ನೀರು, ಜೋಳ, ಹತ್ತಿಯಂಥ ಬೆಳೆ. ಆಂಧ್ರದ ಕಡೆಯಿಂದ ಭತ್ತ ಬಲ್ಲ ರೈತರು ಬಂದು ಕ್ಯಾಂಪು ಕಟ್ಟಿದರು, ನಮ್ಮವರೂ ಅವರನ್ನು ನೋಡಿ ಕಲಿತರು, ಮೇಲಿನವರೆಲ್ಲ ಭತ್ತಕ್ಕೆ ಬಿದ್ದಾಗ ಕೊನೆಭಾಗದವರಿಗೆ ನೀರು ಮುಟ್ಟುವುದೇ ಕಷ್ಟವಾಯಿತು. ಈ ಹಳ್ಳಿಯಂತೂ ಎತ್ತರದಲ್ಲಿದೆ, ಕಾಲುವೆ ತಗ್ಗಿನಲ್ಲಿ ಹರಿಯುತ್ತದೆ. ಮಾಳಿಗೆ ಹತ್ತಿದರೆ ದೂರದ ಹಸಿರು ಕಾಣುತ್ತದೆ, ನೀರು ಬರುವುದಿಲ್ಲ.

ಊರಿನ ಎಲ್ಲ ಬೋರಿಂಗೂ ನೋಡಿ ಮುಗಿದ ದಿನ ಸಂಜೆ ಶಾಲೆಯ ಅಂಗಳದಲ್ಲಿ ಜನ ಕೂಡಿದರು. ಹುಡುಗಿ ಹೇಳಿದ್ದನ್ನು ಮಾಸ್ತರರು ಕನ್ನಡದಲ್ಲಿ ಹೇಳಿದರು: ಈ ಬೋರಿಂಗ್ ಕುಡಿಯಲಿಕ್ಕೆ ಬೇಡ, ಆ ಬೋರಿಂಗ್ ಬೇಡ, ಬಳಸಲಿಕ್ಕೆ ಇರಲಿ. ಜನ ಸುಮ್ಮನೆ ಕೇಳಿದರು. ಕೊನೆಗೆ ಹೆಂಗಸರ ಕಡೆಯಿಂದ ದೊಡ್ಡವ್ವನ ದನಿ ಬಂತು. "ಕುಡಿಬ್ಯಾಡ ಅಂದ್ರಿ, ಚಲೋ ಆತು. ಯಾವುದು ಕುಡಿಬೇಕು ಅನ್ನೋದನ್ನೂ ನೀವ ಹೇಳಿ ಹೋಗ್ರಿ."

ಯಾರಿಗೂ ಉತ್ತರ ಹೊಳೆಯಲಿಲ್ಲ. ಹುಡುಗಿ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ ಅಂತ ದೊಡ್ಡವ್ವ ಬೆಳಿಗ್ಗೆ ನಮಗೇ ಬೈದರು. ಆದರೆ ಅವಳು ಎದ್ದು ಒಂದು ಪ್ರಶ್ನೆ ಸಿದ್ಧ ಮಾಡಿಕೊಂಡಿದ್ದಳು. ಬೋರಿಂಗ್ ಬರುವುದಕ್ಕೆ ಮೊದಲು ನೀವು ಏನು ಕುಡಿಯುತ್ತಿದ್ದಿರಿ? ಅದನ್ನು ನಾನು ಕನ್ನಡದಲ್ಲಿ ಕೇಳಿದೆ. ದೊಡ್ಡವ್ವ ಮಾತಾಡದೆ ಎದ್ದು, ಸೆರಗು ಸಿಕ್ಕಿಸಿ, ಹಳ್ಳದ ಕಡೆ ನಡೆದರು.

ಅಲ್ಲೊಂದು ಮೆಟ್ಟಿಲ ಬಾವಿ. ಜಾಲಿಕಂಟಿ ಮುಚ್ಚಿಕೊಂಡು ಹೊರಗಿನವರಿಗೆ ಕಾಣುತ್ತಲೇ ಇರಲಿಲ್ಲ. ಗೋಡೆಯ ಸಂದಿಯಲ್ಲಿ ಅರಳಿ ಗಿಡ, ತಳದಲ್ಲಿ ಹೂಳು, ಹೂಳಿನ ಮೇಲೆ ಒಂದಿಷ್ಟು ಹಸಿರು ನೀರು. ಊರವರು ಸಿಹಿನೀರ ಬಾವಿ ಅನ್ನುತ್ತಿದ್ದರಂತೆ. ಯಾಕೆ ಬಿಟ್ಟಿರಿ ಅಂದರೆ ದೊಡ್ಡವ್ವ ಸೀರೆಯ ನಿರಿಗೆ ಎತ್ತಿ ಮೊಣಕಾಲ ಕೆಳಗೆ ತೋರಿಸಿದರು. ಚರ್ಮ ಸುಕ್ಕುಗಟ್ಟಿದ ಒಂದು ಹಳೆಯ ಗಾಯದ ಕಲೆ. ನಾರುಹುಣ್ಣು. ಸಣ್ಣವರಿದ್ದಾಗ ಕಾಲಿನಿಂದ ಹುಳ ಹೊರಬಂದಾಗ ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ದಿನಕ್ಕಿಷ್ಟು ಎಳೆದದ್ದು ಹೇಳಿದರು; ಜೋರು ಮಾಡಿದರೆ ಹರಿದು ಒಳಗೇ ಉಳಿಯುತ್ತದೆ. ಹುಣ್ಣಿದ್ದವರು ಮೆಟ್ಟಿಲಿಳಿದು ನೀರಲ್ಲಿ ಕಾಲಿಟ್ಟರೆ ಹುಳದ ಮರಿ ನೀರಿಗೆ, ಆ ನೀರು ಕುಡಿದವರಿಗೆ ಮತ್ತೆ ಹುಣ್ಣು. ಸರ್ಕಾರ 1980ರ ದಶಕದಲ್ಲಿ ಇದರ ಬೆನ್ನು ಹತ್ತಿ, ಮೆಟ್ಟಿಲ ಬಾವಿ ಬಿಡಿಸಿ, ಬೋರಿಂಗು ಹಾಕಿಸಿ, 2000ದ ಹೊತ್ತಿಗೆ ನಾರುಹುಣ್ಣನ್ನು ದೇಶದಿಂದಲೇ ಓಡಿಸಿತು. ಅದು ದೊಡ್ಡ ಕೆಲಸ, ನಾನು ಯಾವತ್ತೂ ಅದನ್ನು ಸಣ್ಣದು ಮಾಡಿ ಹೇಳಲಾರೆ. ಬೋರಿಂಗಿನ ನೀರಿನೊಳಗೆ ಇನ್ನೊಂದು ಇತ್ತು ಅನ್ನುವುದು ಆಗ ಊರಿಗೆ ತಿಳಿದಿರಲಿಲ್ಲ ಅಷ್ಟೆ.

ಹುಡುಗಿ ಒಂದು ಕೊಳವೆ ನೀರು ತುಂಬಿ ತಿಳಿಯಾಗಲು ಬಿಟ್ಟು, ಹನಿ ಹಾಕಿದಳು. ಗುಲಾಬಿ. ಕಾದೆವು. ಗುಲಾಬಿಯಾಗಿಯೇ ಉಳಿಯಿತು. ದೊಡ್ಡವ್ವನಿಗೆ ಯಾರೂ ಅನುವಾದ ಮಾಡಬೇಕಾಗಲಿಲ್ಲ.

ರಸ್ತೆ ಕೆಲಸ ಅಲ್ಲಿಗೆ ನಿಂತಿತು. ಗೊತ್ತಾದ ಕೆಲಸ ಬಿಡುವುದಕ್ಕೆ ಮಾಸ್ತರರಿಗೆ ಅಳುಕು ಇದ್ದೇ ಇತ್ತು. ವಹಿಯಲ್ಲಿ ಅರ್ಧ ಪುಟ ಕಾರಣ ಬರೆದು ಸಹಿ ಹಾಕಿದರು. ಒಬ್ಬ ರೈತ ಡೀಸೆಲ್ ಪಂಪು ತಂದು ನೀರು ಖಾಲಿ ಮಾಡಿಕೊಟ್ಟ. ಊರ ಗೌಂಡಿ ಒಂದು ಮಾತು ಹೇಳಿದ: ಮೆಟ್ಟಿಲಿಗೆ ಗೋಡೆ ಕಟ್ಟಿ ಮುಚ್ಚಬೇಕು, ಯಾರೂ ನೀರಿಗೆ ಇಳಿಯಬಾರದು, ಮೇಲಿನಿಂದ ಗಡಗಡಿ ಹಾಕಿ ಸೇದಬೇಕು. ರಸ್ತೆಗೆ ತಂದ ಕಲ್ಲು ಗೋಡೆಗೆ ಬಂತು.

ಗಡಗಡಿಯ ಮಾತು ಬಂದ ಕೂಡಲೆ ಬೇರೊಂದು ಮಾತೂ ಬಂತು. ಎರಡು ಹಾಕ್ರಿ, ಕೇರಿಯವರಿಗೆ ಆ ಕಡೆದು, ನಮಗೆ ಈ ಕಡೆದು ಅಂದರು ಕೆಲವರು. ಮಾಸ್ತರರು ಮಫ್ಲರ್ ಬಿಚ್ಚಿ ಹೆಗಲಿಗೆ ಹಾಕಿಕೊಂಡದ್ದನ್ನು ನಾನು ಮೊದಲ ಸಲ ನೋಡಿದ್ದು ಆವತ್ತು. "ಎರಡರೆ ಹಾಕ್ರಿ, ನಾಲ್ಕರೆ ಹಾಕ್ರಿ. ಯಾರು ಯಾವುದರಾಗ ಬೇಕಾದರೂ ಸೇದಬಹುದು ಅಂತ ಈಗ ಎಲ್ಲರ ಮುಂದ ಹೇಳ್ರಿ. ಅಂದ್ರ ನಮ್ಮ ಹುಡುಗರು ಒಳಗ ಇಳೀತಾರ, ಇಲ್ಲಾಂದ್ರ ಇಲ್ಲ." ಬಾವಿಗೆ ಇಳಿಯಲು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಿಂತಿದ್ದ ನಮ್ಮ ಗೆಳೆಯರಲ್ಲಿ ಅರ್ಧ ಜನ ಅಂಥ ಕೇರಿಗಳಿಂದಲೇ ಬಂದವರು. ಬಹಳ ಹೊತ್ತು ಮಾತಾಯಿತು. ಯಾರು ಏನಂದರು ಪೂರ್ತಿ ನೆನಪಿಲ್ಲ. ಕತ್ತು ತಿರುಗದ ಆ ಹಿರಿಯರು ಎದ್ದು ನಿಂತು, ಬ್ಯಾನಿ ನೋಡಿದರೆ ಎಲ್ಲರ ಮನೆಗೂ ಒಂದೇ ಬಂದೈತಿ, ನೀರು ಯಾಕ ಬ್ಯಾರೆ ಅಂದದ್ದು ಮಾತ್ರ ಕಿವಿಯಲ್ಲಿದೆ. ಆಮೇಲೆ ಒಪ್ಪಿದರು. ಒಳಗೊಳಗೆ ಒಪ್ಪದವರೂ ಇದ್ದರು, ಬಾಯಿ ಬಿಡಲಿಲ್ಲ.

ಪುಟ್ಟಿ ಪುಟ್ಟಿ ಹೂಳು ಮೇಲೆ ಬಂತು. ಹುಡುಗಿ ಪುಟ್ಟಿಯ ಸಾಲಿನಲ್ಲಿ ಹೆಂಗಸರ ನಡುವೆ ನಿಂತಿದ್ದಳು. ಅವಳನ್ನು ಅಲ್ಲಿ ನಿಲ್ಲಿಸಿದ್ದು ದೊಡ್ಡವ್ವ. ಎತ್ತರದವಳು, ಕಟ್ಟೆಯ ಮೇಲಿನಿಂದ ಕೊಟ್ಟ ಪುಟ್ಟಿ ಹಿಡಿಯಲು ಸರಿ ಅಂತ. ಅಂಗೈ ಬೊಕ್ಕೆ ಎದ್ದಾಗ ಅರಿಶಿಣ ಎಣ್ಣೆ ಹಚ್ಚಿ ಕಟ್ಟಿದರು, ಮರುದಿನ ಮತ್ತೆ ಅದೇ ಜಾಗಕ್ಕೆ ನಿಲ್ಲಿಸಿದರು. ತಳ ಕಂಡ ದಿನ ಎಳ್ಳಮಾಸಿ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಭಜ್ಜಿಪಲ್ಯ, ಶೇಂಗಾ ಹೋಳಿಗೆ ಎಲ್ಲರ ಬುತ್ತಿಯಿಂದಲೂ ಬಂತು. ತಣ್ಣನೆಯ ಗಾಳಿ, ಬೆನ್ನಿಗೆ ಹಿತವಾದ ಬಿಸಿಲು. ಆರೋಗ್ಯ ಕಾರ್ಯಕರ್ತೆಯೊಬ್ಬರು ಬಂದು ಬ್ಲೀಚಿಂಗ್ ಪೌಡರ್ ಹಾಕಿ ಹೋದರು.

ಶಿಬಿರ ಮುಗಿದ ಮೇಲೆ ಹುಡುಗಿಯನ್ನು ಸಿಂಧನೂರಿಗೆ ಕರೆದೊಯ್ದೆವು. ಅಲ್ಲಿಯ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿ ನಾಲ್ಕೂ ಕಿವಿಗೆ ಬೀಳುತ್ತವೆ. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗೆ ಸಿಂಧನೂರು ತಾಲ್ಲೂಕಿನಲ್ಲೇ ಪುನರ್ವಸತಿ ಕ್ಯಾಂಪು ಮಾಡಿಕೊಟ್ಟರು; ಆರ್‌ಎಚ್ ಕ್ಯಾಂಪ್ ಅಂದರೆ ಬಸ್ಸಿನವರು ಇಳಿಸುತ್ತಾರೆ. ಮೀನು ಮಾರುತ್ತಿದ್ದ ಬಂಗಾಳಿ ಅಮ್ಮ ನಮ್ಮ ಸೀಮೆಯ ಕನ್ನಡದಲ್ಲೇ ರೇಟು ಹೇಳಿದ್ದು ಕೇಳಿ ಹುಡುಗಿಗೆ ಆಶ್ಚರ್ಯ. ಅಲ್ಲಿಂದ ಮಾನ್ವಿ ರಸ್ತೆಯಲ್ಲಿ ಪೋತ್ನಾಳಕ್ಕೂ ಹೋದೆವು. ಕೂಲಿ ಮಾಡುವ ದಲಿತ ಹೆಂಗಸರು ಜಾಗೃತ ಮಹಿಳಾ ಸಂಘಟನೆ ಅಂತ ಕಟ್ಟಿಕೊಂಡು, ಚಿಲಿಪಿಲಿ ಹೆಸರಿನಲ್ಲಿ ಸುಟ್ಟ ಮಣ್ಣಿನ ಸರ, ಓಲೆ ಮಾಡುತ್ತಾರೆ. ಎಷ್ಟು ಹೊತ್ತು ಇದ್ದೆವೋ ನೆನಪಿಲ್ಲ, ಹುಡುಗಿ ದೊಡ್ಡವ್ವನಿಗೆ ಅಂತ ಒಂದು ಜೊತೆ ಮಣ್ಣಿನ ಓಲೆ ಕೊಂಡದ್ದು ನೆನಪಿದೆ.

ಊರಿಗೆ ಹೋದ ಮೇಲೆ ಅವಳು ಮಾಸ್ತರರಿಗೆ ಪತ್ರ ಬರೆದಳು. ಕಾಲೇಜಿಗೆ ಕೊಟ್ಟ ವರದಿಯ ಪ್ರತಿಯೂ ಜೊತೆಗಿತ್ತು. ಅದರಲ್ಲಿ ಕೆಲಸ ಕಲಿಸಿದವರು ಅನ್ನುವ ಜಾಗದಲ್ಲಿ ಪ್ರೊಫೆಸರರ ಹೆಸರಿಗಿಂತ ಮೊದಲು ದೊಡ್ಡವ್ವನ ಹೆಸರಿತ್ತು. ಮಾಸ್ತರರು ಅದನ್ನು ಹಳ್ಳಿಗೆ ಒಯ್ದು ಓದಿ ಹೇಳಿದರು. ಪತ್ರದ ಕೊನೆಗೆ ಅವಳದೊಂದು ಬೇಡಿಕೆ: ಬಾವಿಯಲ್ಲಿ ನೀರು ಎಷ್ಟಿದೆ ಅಂತ ಪ್ರತಿ ತಿಂಗಳು ತಿಳಿಸಬೇಕು. ಸೇದುವ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ಶಾಲೆಯ ಹುಡುಗರು ಎಣಿಸಿ ಬರೆದುಕೊಡುತ್ತಿದ್ದರು. ಮಾಸ್ತರರು ಅಂಚೆಗೆ ಹಾಕಿ ಅಂಚೆ ಖರ್ಚನ್ನು ವಹಿಯಲ್ಲಿ ಬರೆಯದೆ ತಾವೇ ಕೊಟ್ಟುಕೊಂಡರು. ಹೀಗೆ ಕೆಲವು ವರ್ಷ ನಡೆಯಿತು.

ಮೊದಲ ಬೇಸಿಗೆಯಲ್ಲೇ ಏಪ್ರಿಲ್ ಕೊನೆಗೆ ಬಾವಿ ತಳ ಮುಟ್ಟಿತ್ತು, ಊರವರು ಮತ್ತೆ ಬೋರಿಂಗಿಗೆ ಹೋದರು. ಮಳೆ ಬಂದ ಮೇಲೆ ಮತ್ತೆ ಬಾವಿ. ಎರಡು ಗಡಗಡಿಯ ಕಡೆ ಜನ ಬೇರೆ ಬೇರೆಯಾಗಿ ನಿಲ್ಲುವುದೂ ಒಂದಷ್ಟು ಕಾಲ ಇತ್ತು. ಒಂದು ಗಡಗಡಿ ಮುರಿದು, ಅದನ್ನು ಯಾರೂ ರಿಪೇರಿ ಮಾಡಿಸದೆ ಬಿಟ್ಟ ಮೇಲೆ ಎಲ್ಲರೂ ಒಂದರಲ್ಲೇ ಸೇದತೊಡಗಿದರು. ದೊಡ್ಡವ್ವ ಇರುವವರೆಗೆ ಹಬ್ಬಕ್ಕೆ ಆ ಮಣ್ಣಿನ ಓಲೆ ಹಾಕುತ್ತಿದ್ದರು. ಈಗ ಊರಲ್ಲಿ ನಾಣ್ಯ ಹಾಕಿದರೆ ಕೊಡ ತುಂಬುವ ಶುದ್ಧನೀರಿನ ಘಟಕ ಬಂದಿದೆ, ನಲ್ಲಿಯೂ ಬಂದಿದೆ. ನಲ್ಲಿ ಬಾರದ ದಿನ, ಘಟಕದ ಮಷೀನು ಕೆಟ್ಟ ದಿನ ಬಾವಿಯೇ ಗತಿ. ಗೌಂಡಿಯ ಮಗ ಈಗ ಪಂಚಾಯಿತಿ ಮೆಂಬರು. ಮತ್ತೊಮ್ಮೆ ಹೂಳು ತೆಗೆಸಬೇಕು, ಕಾಲೇಜಿನ ಹುಡುಗರು ಬರ್ತಾರೇನ್ರಿ ಕೇಳ್ರಿ ಅಂತ ಹೋದ ವಾರ ಫೋನ್ ಮಾಡಿದ್ದ. ಕೇಳಿದ್ದೇನೆ. ಎಳ್ಳಮಾಸಿಗೆ ಮುಂಚೆ ಬರುತ್ತೇವೆ ಅಂದಿದ್ದಾರೆ.